ಎರಡನೆಯ ಮುದ್ರಣ, ಮುನ್ನೂರ ಹದಿನೆಂಟು ಪುಟ

ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಇನ್ನೂ ಮೆತ್ತನೆಯ ಕುರ್ಚಿಯಲ್ಲಿ ಕೂತಿರುವ ಮುಖ್ಯ ಅತಿಥಿಗಳೇ, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿರುವ ಅಧ್ಯಾಪಕ ಮಿತ್ರರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತು ಇದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ವಿದ್ಯಾರ್ಥಿಗಳೇ, ಟೀ ಕೊಡಲು ಬಂದು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿರುವ ಕ್ಯಾಂಟೀನಿನವರೇ, ಒಟ್ಟಿನಲ್ಲಿ ಸಭಿಕರೇ.

ಇವತ್ತು ಸಂಜೆ ಐದು ಗಂಟೆಗೆ ನಾನು ಈ ಕಾಲೇಜಿನ ಗ್ರಂಥಾಲಯದಿಂದ ನಿವೃತ್ತಳಾಗುತ್ತೇನೆ. ಈಗ ನಾಲ್ಕು ಇಪ್ಪತ್ತು. ಅಂದರೆ ಇನ್ನೂ ನಲವತ್ತು ನಿಮಿಷ ನಾನು ಸೇವೆಯಲ್ಲಿದ್ದೇನೆ. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಸಮಯ ಹೇಳಿದ್ದು ಗೋಡೆಯ ಗಡಿಯಾರ ನೋಡಿ. ನನಗೆ ಈಗ ತಾನೇ ನೆನಪಿನ ಕಾಣಿಕೆಯಾಗಿ ಕೊಟ್ಟ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷವಾಗಿದೆ, ಅದಕ್ಕೆ ಸೆಲ್ ಹಾಕಿಲ್ಲ. ಮನೆಗೆ ಹೋಗುವವಳಿಗೆ ಇನ್ನು ಗಂಟೆ ಎಷ್ಟಾದರೇನು ಎಂಬ ಕಾಳಜಿಯಿಂದಲೇ ಹಾಗೆ ಕೊಟ್ಟಿರಬೇಕು. ಆ ಕಾಳಜಿಗೆ ನಾನು ಋಣಿ.

ಅಧ್ಯಕ್ಷರು ನನ್ನ ಬಗ್ಗೆ ಬಹಳ ಒಳ್ಳೆಯ ಮಾತುಗಳನ್ನಾಡಿದರು. ಇಷ್ಟು ಒಳ್ಳೆಯವಳು ನಮ್ಮ ಗ್ರಂಥಾಲಯದಲ್ಲಿದ್ದಳೇ, ಒಂದು ದಿನವೂ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನಗೇ ಅನ್ನಿಸಿತು. ವಿದ್ಯಾರ್ಥಿಗಳು ನನ್ನನ್ನು ಬೆನ್ನ ಹಿಂದೆ ‘ಅಲ್ಪವಿರಾಮ ಮೇಡಂ’ ಎಂದು ಕರೆಯುವುದನ್ನೂ ಪ್ರೀತಿಯಿಂದ ನೆನೆದರು. ಆ ಹೆಸರಿಟ್ಟವರು ವಿದ್ಯಾರ್ಥಿಗಳೇ, ನಿಜ. ಆಗ ಅಧ್ಯಕ್ಷರೂ ವಿದ್ಯಾರ್ಥಿಯಾಗಿದ್ದರು. ಕೊನೆಗೆ ಅವರು ‘ಸಾಲಿನಲ್ಲಿ ನಿಂತ ಜನ’ ಎಂಬ ಪ್ರಸಿದ್ಧ ಗ್ರಂಥದಿಂದ ಒಂದು ಮಾತನ್ನು ಎತ್ತಿ ಹೇಳಿದರು. ‘ಸಾಲು ಮುಂದೆ ಸರಿಯುತ್ತದೆ, ಮನುಷ್ಯ ಮಾತ್ರ ನಿಂತಲ್ಲೇ ನಿಂತಿರುತ್ತಾನೆ.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಆ ಗ್ರಂಥದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೆ ಮೊದಲು ನನ್ನ ಕೈಯಲ್ಲಿರುವ ಈ ನೀಲಿ ಫೈಲು. ಭಾಷಣವನ್ನು ಇಷ್ಟು ದಪ್ಪಕ್ಕೆ ಬರೆದು ತಂದಿದ್ದಾಳೆ ಎಂದು ಯಾರೂ ಹೆದರಬೇಡಿ. ಇದು ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿಯ ಸಂಶೋಧನಾ ಪ್ರಬಂಧ. ಪ್ರಬಂಧ ಒಪ್ಪಿಸಲು ಇವತ್ತು ಕೊನೆಯ ದಿನ. ಐದು ಗಂಟೆಯೊಳಗೆ ಇದರ ಮೇಲೆ ‘ಗ್ರಂಥಋಣ ಪರಿಶೀಲಿಸಿದೆ’ ಎಂಬ ಮೊಹರು ಬಿದ್ದು ಕಚೇರಿಗೆ ತಲುಪದಿದ್ದರೆ ಆ ಹುಡುಗಿಗೆ ಒಂದು ವರ್ಷ ಹೋಯಿತು. ಹೋದ ವಾರ ‘ಗ್ರಂಥಋಣ ಸರಿಯಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಇದನ್ನು ವಾಪಸು ಕಳಿಸಿದವರು ಯಾರು? ನಾನೇ. ನಾನು ಹೇಳಬೇಕಾಗಿರುವುದು ಇಷ್ಟರ ಬಗ್ಗೆ ಮಾತ್ರ, ಮಿಕ್ಕದ್ದೆಲ್ಲ ಭಾಷಣ.

ಗ್ರಂಥಋಣ ಎಂದರೇನು? ಕ್ಯಾಂಟೀನಿನವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ಅಧ್ಯಾಪಕರಿಗೆ ತಿಳಿದಿದೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಪ್ರಬಂಧ ಬರೆದವರು ಯಾವ ಯಾವ ಪುಸ್ತಕದಿಂದ ಏನೇನು ಪಡೆದರೋ ಅದನ್ನು ಕೊನೆಯ ಪುಟದಲ್ಲಿ ಒಪ್ಪಿಕೊಳ್ಳಬೇಕು. ಮೊದಲು ಲೇಖಕರ ಹೆಸರು, ಆಮೇಲೆ ಅಲ್ಪವಿರಾಮ. ವರ್ಷ, ಅಲ್ಪವಿರಾಮ. ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ. ಎಷ್ಟನೆಯ ಮುದ್ರಣ, ಯಾವ ಪ್ರಕಾಶನ, ಎಷ್ಟು ಪುಟ. ಕೊನೆಗೆ ಪೂರ್ಣವಿರಾಮ. ಎರಡನೆಯ ಸಾಲು ಬಂದರೆ ಅದು ಅರ್ಧ ಇಂಚು ಒಳಗೆ ಸರಿಯಬೇಕು. ಎಲ್ಲವೂ ಅಕಾರಾದಿಯಲ್ಲಿರಬೇಕು. ಇಷ್ಟೇ. ಇದಕ್ಕೆ ಜಾಣತನ ಬೇಡ, ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದರೆ ಸಾಕು.

ಆ ಒಂದು ಷರತ್ತೇ ಕಷ್ಟವಾಯಿತು. ನಮ್ಮವರು ಪ್ರಬಂಧವನ್ನು ಒಂದು ವರ್ಷ ಬರೆಯುತ್ತಾರೆ, ಗ್ರಂಥಋಣವನ್ನು ಕೊನೆಯ ದಿನ ಊಟದ ಬಿಡುವಿನಲ್ಲಿ ಬರೆಯುತ್ತಾರೆ. ಒಬ್ಬ ‘ಹಸಿರು ರಟ್ಟಿನ ದಪ್ಪ ಪುಸ್ತಕ, ಮೇಲಿನ ಕಪಾಟು’ ಎಂದು ಬರೆದಿದ್ದ. ಇನ್ನೊಬ್ಬ ‘ನನ್ನ ಸೋದರಮಾವ, ಬಾಯಿಮಾತು’ ಎಂದು ಬರೆದಿದ್ದ. ಅವನನ್ನು ಆಗ ಗದರಿಸಿ ಕಳಿಸಿದೆ. ಈಗ ಯೋಚಿಸಿದರೆ ಅವನಷ್ಟು ಪ್ರಾಮಾಣಿಕನನ್ನು ಆಮೇಲೆ ಬಹಳ ವರ್ಷ ನಾನು ನೋಡಲಿಲ್ಲ.

ನಾನು ಸೇರಿದ ವರ್ಷ ಇಲ್ಲಿ ಮಾದರಿಯೇ ಇರಲಿಲ್ಲ. ಆಗಿನ ವಿಭಾಗ ಮುಖ್ಯಸ್ಥರು, ಅಂದರೆ ಇಂದಿನ ನಮ್ಮ ಮುಖ್ಯ ಅತಿಥಿಗಳು, ಗ್ರಂಥಋಣ ಬರೆಯುವ ಕ್ರಮವನ್ನು ಒಂದು ಹಾಳೆಯಲ್ಲಿ ಟೈಪು ಮಾಡಿ ಸೂಚನಾ ಫಲಕಕ್ಕೆ ಹಚ್ಚಿ ಎಂದರು. ನಾನು ಹೊಸಬಳು, ಲೋಕಜ್ಞಾನವಿಲ್ಲ. ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರ ಪುಸ್ತಕವನ್ನೇ ಉದಾಹರಣೆಯಾಗಿ ಹಾಕಿದೆ. ಮಧ್ಯಾಹ್ನದೊಳಗೆ ಎರಡನೆಯ ಪ್ರಾಧ್ಯಾಪಕರು ಬಂದು, ಅವರ ಪುಸ್ತಕ ಮಾದರಿಯಾದರೆ ನಮ್ಮದೇನು ರದ್ದಿಯೇ ಎಂದು ಕೇಳಿದರು. ಅವರದನ್ನು ಹಾಕಿದೆ. ಮರುದಿನ ಮೂರನೆಯವರು ಬಂದರು. ಆರು ಪ್ರಾಧ್ಯಾಪಕರು, ಆರು ಪುಸ್ತಕ, ಆರು ದಿನ. ಏಳನೆಯ ದಿನ ಮುಖ್ಯಸ್ಥರು ನನ್ನನ್ನು ಕರೆದು, “ಯಾರದ್ದೂ ಅಲ್ಲದ ಪುಸ್ತಕ ಹಾಕಮ್ಮ, ಎಲ್ಲರಿಗೂ ನೆಮ್ಮದಿ” ಎಂದರು. ಗ್ರಂಥಋಣದ ವಿಷಯದಲ್ಲಿ ಗ್ರಂಥಾಲಯದ ಮೊಹರಿನದೇ ಕೊನೆಯ ಮಾತು, ಪ್ರಾಧ್ಯಾಪಕರು ಕೈಹಾಕುವ ಹಾಗಿಲ್ಲ ಎಂಬ ನಿಯಮವನ್ನೂ ಅವರು ಅದೇ ದಿನ ಮಾಡಿದರು. ಆ ನಿಯಮ ಇವತ್ತಿಗೂ ಚಾಲ್ತಿಯಲ್ಲಿದೆ. ಇದನ್ನೂ ನೆನಪಿನಲ್ಲಿಡಿ.

ಯಾರದ್ದೂ ಅಲ್ಲದ ಪುಸ್ತಕ ಎಲ್ಲಿ ಸಿಗುತ್ತದೆ? ನಮ್ಮ ಮನೆಯಲ್ಲೇ ಒಂದಿತ್ತು.

ನನಗೊಬ್ಬ ಅಣ್ಣನಿದ್ದಾನೆ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಗುಮಾಸ್ತನಾಗಿದ್ದವನು. ಅಪ್ಪ ತೀರಿಕೊಂಡಾಗ ಅವನು ಕಾಲೇಜಿನ ಮೊದಲ ವರ್ಷದಲ್ಲಿದ್ದ, ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿ ಇಬ್ಬರಿಗೂ ಓದುವ ಆಸೆ, ಒಬ್ಬರಿಗೆ ಮಾತ್ರ ಅವಕಾಶ. ಇದರ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆಯಾದದ್ದೇ ಇಲ್ಲ. ಒಂದು ಸೋಮವಾರ ಬೆಳಿಗ್ಗೆ ಅವನು ತನ್ನ ಪುಸ್ತಕದ ಚೀಲವನ್ನು ನಾನು ಚೀಲ ನೇತುಹಾಕುತ್ತಿದ್ದ ಮೊಳೆಗೆ ತಗುಲಿಹಾಕಿ ಕೆಲಸಕ್ಕೆ ಹೋದ, ಅಷ್ಟೇ. ಇದನ್ನು ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಂದುಬಿಟ್ಟಿತು, ಇರಲಿ.

ಕೌಂಟರಿನ ಕಿಟಕಿಯೊಳಗೆ ಒಂದು ಎತ್ತರದ ಸ್ಟೂಲು. ಅಲ್ಲಿ ಕೂತು ಅವನು ದಿನವಿಡೀ ಸಾಲಿನಲ್ಲಿ ನಿಂತ ಜನರನ್ನು ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಅವರ ಕಥೆ. ಯಾರು ಮಧ್ಯೆ ನುಗ್ಗಿದರು, ಯಾರು ಅವರಿಗೆ ಜಾಗ ಬಿಟ್ಟರು, ಯಾರು ಬಿಟ್ಟು ಆಮೇಲೆ ಬೈದರು. ಕೊನೆಗೆ ಪ್ರತಿ ಸಲವೂ, “ಇದರ ಮೇಲೆ ಒಂದು ಪುಸ್ತಕ ಬರೀತೀನಿ ನೋಡ್ತಿರು” ಎನ್ನುತ್ತಿದ್ದ. ಒಂದಕ್ಷರ ಬರೆದಿರಲಿಲ್ಲ, ಹೆಸರು ಮಾತ್ರ ಇಟ್ಟಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಮನೆಯವರ ಗುಣ. ಆ ಹೆಸರು, ಅಧ್ಯಕ್ಷರೇ, ‘ಸಾಲಿನಲ್ಲಿ ನಿಂತ ಜನ’.

ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ. ಕುಡಿಯಲಿ, ನಾನು ಕಾಯುತ್ತೇನೆ.

ಮಾದರಿ ಹಾಳೆಯಲ್ಲಿ ಲೇಖಕರ ಜಾಗಕ್ಕೆ ನಮ್ಮಣ್ಣನ ಹೆಸರು ಹಾಕಿದೆ. ಪ್ರಕಾಶಕರು ಯಾರು? ನಮ್ಮ ಮನೆ ಇರುವುದು ಮೂರನೇ ಅಡ್ಡರಸ್ತೆಯಲ್ಲಿ, ಆದ್ದರಿಂದ ‘ಮೂರನೇ ಅಡ್ಡರಸ್ತೆ ಪ್ರಕಾಶನ’. ಪುಟ ಎಷ್ಟು? ನಮ್ಮ ಮನೆಯ ಬಾಗಿಲ ಸಂಖ್ಯೆ ಮುನ್ನೂರ ಹದಿನೆಂಟು. ಮರುಮುದ್ರಣವಾದರೆ ಹೇಗೆ ಬರೆಯಬೇಕು ಎಂದು ತೋರಿಸಬೇಕಿತ್ತಲ್ಲ, ಅದಕ್ಕೆ ‘ಎರಡನೆಯ ಮುದ್ರಣ’ ಎಂದೂ ಸೇರಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಹೀಗೆ ಬರೆಯಿರಿ’ ಎಂದು ಟೈಪು ಮಾಡಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದೆ. ಮನೆಗೆ ಹೋಗಿ ಅಣ್ಣನಿಗೆ ಹೇಳಿದಾಗ ಅವನು ಬಹಳ ಗಂಭೀರವಾಗಿ, “ಎರಡನೇ ಮುದ್ರಣವಾ? ಮೊದಲನೇದು ಖರ್ಚಾಯ್ತಾ?” ಎಂದು ಕೇಳಿದ. ಅವತ್ತು ನಾವಿಬ್ಬರೂ ನಕ್ಕಷ್ಟು ಅಪ್ಪ ಹೋದ ಮೇಲೆ ಎಂದೂ ನಕ್ಕಿರಲಿಲ್ಲ.

‘ಹೀಗೆ ಬರೆಯಿರಿ’ ಎಂದಿದ್ದೆ. ನಮ್ಮ ವಿದ್ಯಾರ್ಥಿಗಳು ವಿಧೇಯರು, ಹಾಗೆಯೇ ಬರೆದರು. ಆ ವರ್ಷ ಹನ್ನೊಂದು ಪ್ರಬಂಧಗಳ ಗ್ರಂಥಋಣದಲ್ಲಿ ಮೊದಲನೆಯ ಪುಸ್ತಕ ‘ಸಾಲಿನಲ್ಲಿ ನಿಂತ ಜನ’. ಅಣ್ಣನ ಹೆಸರು ‘ಅ’ ಅಕ್ಷರದಿಂದ ಶುರುವಾಗುತ್ತದೆ, ಅಕಾರಾದಿಯಲ್ಲಿ ಅವನೇ ಎಲ್ಲರಿಗಿಂತ ಮುಂದೆ. ನಾನು ಹನ್ನೊಂದನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಮುಖ್ಯಸ್ಥರು ಒಂದನ್ನು ಕೈಗೆತ್ತಿಕೊಂಡು, “ಇದನ್ನ ಯಾಕಮ್ಮ ಹೊಡೆದಿದ್ದೀರಿ? ಮುಖ್ಯವಾದ ಪುಸ್ತಕ. ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ” ಎಂದರು.

ಅತಿಥಿಗಳೇ, ನೀವು ಅದನ್ನು ಯಾವಾಗ ಓದಿದಿರಿ ಎಂದು ನಾನು ಮೂವತ್ತೊಂದು ವರ್ಷದಿಂದ ಯೋಚಿಸುತ್ತಿದ್ದೇನೆ. ನಾನು ಅದನ್ನು ಟೈಪು ಮಾಡಿ ಆಗ ಎಂಟು ತಿಂಗಳಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಳ್ಳಿಯಲ್ಲಿ ಮಾತ್ರ ಇರುತ್ತಾರೆ ಎಂದುಕೊಂಡಿದ್ದೆ. ನೀವು ಕರು ನೋಡಿದ್ದಾಗಿಯೂ ಹೇಳಿದಿರಿ.

ಆಗಲೇ ನಾನು ಬಾಯಿ ಬಿಡಬೇಕಿತ್ತು. ಯಾಕೆ ಬಿಡಲಿಲ್ಲ? ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹೆದರಿಕೆಯಿತ್ತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ ಇಷ್ಟು: ಅಚ್ಚುಕಟ್ಟಾಗಿ ಟೈಪಾದ ಪಟ್ಟಿಗಳಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿಗಿಂತ ಮೇಲೆ ನಮ್ಮಣ್ಣನ ಹೆಸರು ನೋಡಿದರೆ ನನಗೆ ಖುಷಿಯಾಗುತ್ತಿತ್ತು. ಕಾಲೇಜು ಬಿಟ್ಟವನು ಹೇಗೋ ಕಾಲೇಜಿನೊಳಗೆ ಬಂದನಲ್ಲ ಎಂದು. ಯಾರದಾದರೂ ಅಲ್ಪವಿರಾಮ ತಪ್ಪಿದರೆ ಬಿಡದವಳು ನಾನು, ಆ ಒಂದು ಹೆಸರನ್ನು ಮಾತ್ರ ಆಮೇಲೆ ಮುಟ್ಟಲಿಲ್ಲ. ಇನ್ನೂ ನಾಚಿಕೆಗೇಡಿನ ಸಂಗತಿಯಿದೆ. ಒಮ್ಮೆ ಒಬ್ಬ ವಿದ್ಯಾರ್ಥಿ ಆ ಪುಸ್ತಕವನ್ನು ಬಿಟ್ಟು ಪಟ್ಟಿ ಮಾಡಿದ್ದ. ನಾನು ‘ಮುಖ್ಯ ಗ್ರಂಥ ಬಿಟ್ಟುಹೋಗಿದೆ’ ಎಂದು ಬರೆದು ವಾಪಸು ಕಳಿಸಿದೆ. ಅವನು ಮರುದಿನ ಸೇರಿಸಿಕೊಂಡು ಬಂದು, ಓದಿದೆ ಮೇಡಂ, ತುಂಬ ಚೆನ್ನಾಗಿದೆ ಎಂದ.

ಅಲ್ಲಿಂದ ಮುಂದೆ ಆ ಗ್ರಂಥ ತನ್ನ ಕಾಲ ಮೇಲೆ ತಾನು ನಿಂತಿತು. ಮಾರ್ಗದರ್ಶಕರು ಬರೆದರು ಎಂದು ಶಿಷ್ಯರು ಬರೆದರು, ಶಿಷ್ಯರು ಬರೆದರು ಎಂದು ಶಿಷ್ಯರ ಶಿಷ್ಯರು ಬರೆದರು. ಒಂದು ವರ್ಷ ಪುಸ್ತಕಗಳ ತಪಾಸಣೆಯಲ್ಲಿ, ಎಲ್ಲರೂ ಓದುವ ಈ ಪುಸ್ತಕ ಕಪಾಟಿನಲ್ಲಿ ಮಾತ್ರ ಯಾಕಿಲ್ಲ ಎಂಬ ಪ್ರಶ್ನೆ ಎದ್ದಿತು. ಮೂವರ ಸಮಿತಿಯಾಯಿತು. ಸಮಿತಿಯ ಮುಂದೆ ಒಬ್ಬ ಅಧ್ಯಾಪಕರು, ತಾವು ಅದನ್ನು ಒಯ್ದಿದ್ದು ನಿಜ, ಆದರೆ ಹಿಂತಿರುಗಿಸಿದ್ದಾಗಿದೆ ಎಂದು ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೆ, ಕುಂಬಳಕಾಯಿಯೇ ಇಲ್ಲದಾಗ ಮುಟ್ಟಿಕೊಂಡವರನ್ನು ಅವತ್ತೇ ನೋಡಿದ್ದು. ಸಮಿತಿ ಹದಿನೇಳು ಪುಟದ ವರದಿ ಕೊಟ್ಟಿತು: ‘ಸದರಿ ಗ್ರಂಥಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಅದು ಕಪಾಟಿನಲ್ಲಿ ನಿಲ್ಲುತ್ತಿಲ್ಲ.’ ವರದಿಯ ಕೊನೆಗೆ ಗ್ರಂಥಋಣವಿತ್ತು. ಅದರಲ್ಲಿ ಮೊದಲನೆಯದು ಯಾವುದು ಎಂದು ನಾನು ಹೇಳಬೇಕಾಗಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಅಧ್ಯಕ್ಷರು ತಮ್ಮ ಮಹಾಪ್ರಬಂಧ ಒಪ್ಪಿಸಿದರು. ಬೇರೆಯವರೆಲ್ಲ ಆ ಗ್ರಂಥವನ್ನು ಹೊಗಳಿ ಸುಮ್ಮನಾಗಿದ್ದರು. ಅಧ್ಯಕ್ಷರು ಸ್ವತಂತ್ರ ಚಿಂತಕರು, ಭಿನ್ನಾಭಿಪ್ರಾಯ ಸೂಚಿಸಿದರು. ‘ಸಾಲು ಎಂಬುದು ಸಮಾನತೆಯ ಸಂಕೇತ ಎನ್ನುವ ಲೇಖಕರ ವಾದ ಬಾಲಿಶವಾಗಿದೆ, ನೋಡಿ ಪುಟ ಇನ್ನೂರ ಹನ್ನೆರಡು.’ ನಾನು ಆ ಪುಟವನ್ನು ಮನೆಗೆ ಒಯ್ದು ಅಣ್ಣನಿಗೆ ಓದಿ ಹೇಳಿದೆ, ನಗಲಿ ಎಂದು. ಅವನು ನಗಲಿಲ್ಲ. “ನಾನೆಲ್ಲಿ ಹಾಗಂದೆ?” ಎಂದ. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡು, ನನ್ನ ಮೇಜಿನಿಂದ ಒಂದು ಖಾಲಿ ನೋಟ್‌ಬುಕ್ಕು ತೆಗೆದುಕೊಂಡು ಬರೆಯಲು ಕೂತ. ಅಧ್ಯಕ್ಷರೇ, ನಮ್ಮಣ್ಣ ಬರೆದದ್ದು ನಿಮಗೆ ಉತ್ತರ ಕೊಡಲು. ನಿಮ್ಮ ಬಾಲಿಶ ಎಂಬ ಒಂದು ಶಬ್ದ ಇಲ್ಲದಿದ್ದರೆ ಅವನು ಇವತ್ತಿಗೂ ಪೆನ್ನು ಹಿಡಿಯುತ್ತಿರಲಿಲ್ಲ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಮಿಕ್ಕದ್ದನ್ನೆಲ್ಲ ಕುಹಕಕ್ಕೇ ಹೇಳಿದೆ, ಇದನ್ನಲ್ಲ.

ವರ್ಷಕ್ಕೆ ಎರಡೋ ಮೂರೋ ಪುಟದಂತೆ ಅವನು ಬರೆದ. ಹೊಡೆದು ಹಾಕಿದ್ದೇ ಹೆಚ್ಚು. ನಿವೃತ್ತಿಯಾದ, ಮಂಡಿ ನೋವು ಹೆಚ್ಚಾಯಿತು, ಓಡಾಟ ಕಡಿಮೆಯಾಯಿತು. ಹೋದ ವರ್ಷಕ್ಕೆ ನಲವತ್ತೆರಡು ಪುಟವಾಗಿತ್ತು. ಯಾರಿಗೂ ತೋರಿಸಿರಲಿಲ್ಲ.

ಇನ್ನು ಈ ನೀಲಿ ಫೈಲಿನ ಹುಡುಗಿ. ಬೆಳಗಿನ ಹೊತ್ತು ಅವಳು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕಿಟಕಿಯಲ್ಲಿ ಕೆಲಸ ಮಾಡುತ್ತಾಳೆ, ಮಧ್ಯಾಹ್ನ ಇಲ್ಲಿಗೆ ಬರುತ್ತಾಳೆ. ಪ್ರಬಂಧದ ವಿಷಯ ಆಸ್ಪತ್ರೆಯಲ್ಲಿ ಸರದಿ ಸಾಲಿನಲ್ಲಿ ನಿಲ್ಲುವ ರೋಗಿಗಳು. ಇಷ್ಟು ವರ್ಷಗಳಲ್ಲಿ ಆ ಪುಸ್ತಕ ನಿಜವಾಗಿ ಬೇಕಾಗಿದ್ದುದು ಇವಳೊಬ್ಬಳಿಗೆ. ಕೌಂಟರಿಗೆ ಬಂದು ಕೇಳಿದಳು. ಹೊರಗೆ ಹೋಗಿದೆ ಎಂದೆ. ಮರುವಾರ ಬಂದಳು, ಹೊರಗೆ ಹೋಗಿದೆ ಎಂದೆ. ಐದನೆಯ ಸಲ ಬಂದು, “ಮೇಡಂ, ಒಯ್ದೋರು ಯಾರು ಅಂತ ಹೇಳಿ, ಅವರ ಮನೆಗೇ ಹೋಗಿ ಕೂತು ಓದ್ಕೊಂಡು ಬರ್ತೀನಿ” ಎಂದಳು. ನಾನು ಗಾಬರಿಯಿಂದ ಗದರಿಸಿ ಕಳಿಸಿದೆ.

ಅವಳು ಬೇರೆ ನಾಲ್ಕು ಗ್ರಂಥಾಲಯ ಹುಡುಕಿದಳು. ಪುಸ್ತಕ ಸಿಗದಿದ್ದರೆ ಪ್ರಕಾಶಕರನ್ನೇ ಕೇಳೋಣ ಎಂದು ಹೊರಟಳು. ಈ ಊರಿನಲ್ಲಿ ಮೂರನೇ ಅಡ್ಡರಸ್ತೆಗಳು ಹನ್ನೊಂದಿವೆ. ನಮ್ಮದು ಅವಳಿಗೆ ಸಿಕ್ಕಿದ್ದು ಒಂಬತ್ತನೆಯದಾಗಿ. ಇಸ್ತ್ರಿ ಅಂಗಡಿಯವನಿಗೆ ಲೇಖಕರ ಹೆಸರು ಹೇಳಿದಾಗ ಅವನು ನಮ್ಮ ಬಾಗಿಲು ತೋರಿಸಿದ. ಬಾಗಿಲು ತೆರೆದವನು ಅಣ್ಣ. ಆ ಪುಸ್ತಕ ಬರೆದವರು ನೀವೇನಾ ಎಂದು ಅವಳು ಕೇಳಿದಳಂತೆ. ಮೂವತ್ತು ವರ್ಷ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಅವಳನ್ನೇ ನೋಡಿ, “ಬರೀತಾ ಇದೀನಮ್ಮ. ಒಳಗೆ ಬಾ, ಕೂತ್ಕೋ” ಎಂದನಂತೆ.

ಏಳು ಭಾನುವಾರ ಅವಳು ಬಂದಳು. ಎರಡನೆಯ ಭಾನುವಾರ ನಾನು ತರಕಾರಿ ಚೀಲ ಹಿಡಿದು ಒಳಗೆ ಬಂದಾಗ ಅವಳು ನೋಟ್‌ಬುಕ್ಕಿನಿಂದ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿದಳು, ಗೋಡೆಯ ಮೇಲಿದ್ದ ನಮ್ಮಿಬ್ಬರ ಫೋಟೋ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. “ನಮಸ್ತೆ ಮೇಡಂ” ಎಂದು ಮತ್ತೆ ಬರೆಯತೊಡಗಿದಳು. ಕಾಲೇಜಿನಲ್ಲಿ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿತ್ತು, ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ.

ಪ್ರಬಂಧ ಸಿದ್ಧವಾಯಿತು. ಗ್ರಂಥಋಣದ ಮೊದಲನೆಯ ನಮೂದನ್ನು ಅವಳು ಹೀಗೆ ಬರೆದಿದ್ದಾಳೆ, ಓದುತ್ತೇನೆ. ನಮ್ಮಣ್ಣನ ಹೆಸರು, ಅಲ್ಪವಿರಾಮ, ‘ಸಾಲಿನಲ್ಲಿ ನಿಂತ ಜನ, ಹಸ್ತಪ್ರತಿ, ಅಪೂರ್ಣ, ನಲವತ್ತೆರಡು ಪುಟ, ಲೇಖಕರ ಮನೆಯ ಅಡುಗೆಮನೆಯ ಮೇಜಿನ ಮೇಲೆ ಏಳು ಭಾನುವಾರ ಓದಿದ್ದು.’ ಪೂರ್ಣವಿರಾಮ. ಕೆಳಗೆ ಅಡಿಟಿಪ್ಪಣಿ: ‘ಮುನ್ನೂರ ಹದಿನೆಂಟು ಪುಟದ ಎರಡನೆಯ ಮುದ್ರಣವನ್ನು ಇತರರು ನಮೂದಿಸಿದ್ದಾರೆ. ನನಗೆ ಅದು ನೋಡಲು ಸಿಗಲಿಲ್ಲ.’

ಅವಳ ಮಾರ್ಗದರ್ಶಕರು ನಮ್ಮ ಅಧ್ಯಕ್ಷರೇ. ಪುಟದ ಅಂಚಿನಲ್ಲಿ, ‘ಪ್ರಸಿದ್ಧ ಗ್ರಂಥದ ವಿವರವೇ ತಪ್ಪಿದೆ, ವಿದ್ಯಾರ್ಥಿನಿ ಮೂಲವನ್ನು ನೋಡಿದಂತಿಲ್ಲ’ ಎಂದು ಬರೆದು ನನ್ನ ಮೇಜಿಗೆ ಕಳಿಸಿದರು. ಮೂಲವನ್ನು ನೋಡಿದಂತಿಲ್ಲ. ನಾಲ್ಕುನೂರ ಹನ್ನೆರಡು ಪ್ರಬಂಧಗಳಲ್ಲಿ ಆ ಪುಸ್ತಕವಿದೆ, ಹೋದ ವಾರ ಕೂತು ಎಣಿಸಿದೆ. ಅಷ್ಟು ಜನರಲ್ಲಿ ಮೂಲವನ್ನು ನೋಡಿದವಳು ಇವಳೊಬ್ಬಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ನಾನು ಕೆಂಪು ಪೆನ್ನು ತೆಗೆದುಕೊಂಡೆ. ಒಂದು ವಾರ ಕಳೆದರೆ ಮರ್ಯಾದೆಯಿಂದ ಮನೆಗೆ ಹೋಗಬಹುದಲ್ಲ ಎಂಬ ಆಸೆ. ‘ಸರಿಯಿಲ್ಲ’ ಎಂದು ಬರೆದೆ. ಅವಳು ಅದನ್ನು ನೋಡಿ ಕೂಗಾಡಲಿಲ್ಲ, ನಿಮ್ಮ ಗುಟ್ಟು ಹೊರಗೆ ಹಾಕುತ್ತೇನೆ ಎನ್ನಲಿಲ್ಲ. “ಮೇಡಂ, ನೋಡಿದ್ದನ್ನ ಬರ್ದಿದೀನಿ. ನೋಡದೇ ಇರೋದನ್ನ ಹೇಗೆ ಬರೀಲಿ?” ಎಂದಳು. ಪ್ರಬಂಧವನ್ನು ನನ್ನ ಮೇಜಿನ ಮೇಲೇ ಬಿ‌ಟ್ಟು ಹೋದಳು.

ಮನೆಯಲ್ಲಿ ಅಣ್ಣನಿಗೆ ಹೇಳಿದೆ. ಅವನು ಬೈಯುವವನಲ್ಲ. ಇಷ್ಟೇ ಹೇಳಿದ: “ಮೂವತ್ತನಾಲ್ಕು ವರ್ಷ ಟಿಕೆಟ್ ಕೊಟ್ಟಿದೀನಿ ಕಣೇ. ನೀನು ಟಿಕೆಟ್ ಇಲ್ಲದೋರನ್ನೆಲ್ಲ ಹತ್ತಿಸಿ ಕಳಿಸಿದೆ, ಹೋಗ್ಲಿ ಅಂದೆ. ಟಿಕೆಟ್ ಇರೋಳು ಒಬ್ಬಳು ಬಂದ್ಲು. ಅವಳನ್ನ ಇಳಿಸಿಬಿಟ್ಯಲ್ಲೇ.” ಆರು ದಿನವಾಯಿತು. ಅವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಊಟಕ್ಕೆ ಕೂತಾಗ ಕಥೆಯೂ ಇಲ್ಲ. ಅರವತ್ತು ವರ್ಷದ ಹೆಂಗಸು ನಾನು, ಸಭಿಕರೇ, ಅಣ್ಣ ಮಾತು ಬಿಟ್ಟ ಎಂದು ಗ್ರಂಥಾಲಯದ ಕಪಾಟಿನ ಹಿಂದೆ ನಿಂತು ಅತ್ತಿದ್ದೇನೆ.

ಈಗ ನಾಲ್ಕು ಐವತ್ತು. ಅಧ್ಯಕ್ಷರು ಎರಡು ಸಲ ಗಡಿಯಾರ ತೋರಿಸಿದರು, ನಾನೂ ಅದನ್ನೇ ನೋಡುತ್ತಿದ್ದೇನೆ. ಈ ಕೈಚೀಲದಲ್ಲಿ ಶಾಯಿ ಪ್ಯಾಡಿದೆ, ಮೊಹರಿದೆ. ಇನ್ನೂ ಹತ್ತು ನಿಮಿಷ ಎರಡೂ ನನ್ನವು. ಗ್ರಂಥಋಣದ ವಿಷಯದಲ್ಲಿ ಮೊಹರಿನದೇ ಕೊನೆಯ ಮಾತು, ಪ್ರಾಧ್ಯಾಪಕರು ಕೈಹಾಕುವ ಹಾಗಿಲ್ಲ. ಅಲ್ಲವೇ ಅತಿಥಿಗಳೇ? ನಿಯಮ ನಿಮ್ಮದು.

ಮೊದಲು ನನ್ನ ಕೆಂಪು ಅಕ್ಷರಗಳನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡುತ್ತೇನೆ. ಈಗ ಮೊಹರು. ಮೈಕಿನಲ್ಲಿ ಸದ್ದು ಕೇಳಿಸಿತಲ್ಲ? ಕಚೇರಿಯ ಗುಮಾಸ್ತರೇ, ಎರಡನೆಯ ಸಾಲಿನಲ್ಲಿ ಬಾಗಿಕೊಂಡು ಕೂತರೂ ನೀವು ಕಾಣಿಸುತ್ತೀರಿ. ಮೇಲೆ ಬಂದು ಇದನ್ನು ತೆಗೆದುಕೊಳ್ಳಿ, ರಿಜಿಸ್ಟರಿನಲ್ಲಿ ಸಮಯ ಹಾಕಿ. ನಾಲ್ಕು ಐವತ್ತೆರಡು. ಹೋಗಿಬನ್ನಿ, ಟೀ ನಿಮಗೆ ತೆಗೆದಿಟ್ಟಿರುತ್ತಾರೆ.

ಮೂವತ್ತೊಂದು ವರ್ಷದ ಹಾಳೆಯನ್ನು ಇವತ್ತು ಬೆಳಿಗ್ಗೆ ಫಲಕದಿಂದ ತೆಗೆದೆ. ಹೊಸದನ್ನು ಹಚ್ಚಿದ್ದೇನೆ. ಅದರಲ್ಲಿ ಉದಾಹರಣೆಗೆ ಆ ಹುಡುಗಿಯ ನಮೂದಿದೆ. ಮುಂದಿನ ವರ್ಷ ನಾಲ್ಕಾರು ಜನ ‘ಏಳು ಭಾನುವಾರ ಓದಿದ್ದು’ ಎಂದೂ ನಕಲು ಮಾಡುತ್ತಾರೆ, ನನಗೆ ಗೊತ್ತು. ಅದಕ್ಕೇ ಮೇಲೆ ‘ಹೀಗೆ ಬರೆಯಿರಿ’ ಎಂಬುದನ್ನು ತೆಗೆದು ‘ನೋಡಿದ್ದನ್ನು ಬರೆಯಿರಿ’ ಎಂದು ಹಾಕಿದ್ದೇನೆ. ಉಳಿದದ್ದು ನಿಮ್ಮ ನಿಮ್ಮ ಕಣ್ಣಿಗೆ ಬಿಟ್ಟದ್ದು.

ಧನ್ಯವಾದ ಹೇಳಿ ಮುಗಿಸುತ್ತೇನೆ. ಇಲ್ಲದ ಪುಸ್ತಕವನ್ನು ಓದಿದ ಮುಖ್ಯ ಅತಿಥಿಗಳಿಗೆ, ಅದನ್ನು ಒಪ್ಪದ ಅಧ್ಯಕ್ಷರಿಗೆ, ಅದನ್ನು ಹಿಂತಿರುಗಿಸಿದ ಅಧ್ಯಾಪಕರಿಗೆ. ಗೋಡೆಯ ಬಳಿ ಎಡಗಡೆಯಿಂದ ಮೂರನೆಯವಳಾಗಿ ನಿಂತಿರುವ ಹುಡುಗಿಗೆ ಧನ್ಯವಾದವಲ್ಲ, ಕ್ಷಮೆ ಕೇಳುತ್ತೇನೆ. ತಪ್ಪಾಯಿತಮ್ಮ.

ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಊರುಗೋಲು ಹಿಡಿದು ಕೂತಿರುವವರು ಲೇಖಕರು. ತಂಗಿಯ ಜೊತೆ ಮಾತು ಬಿಟ್ಟಿದ್ದರೂ ಬೀಳ್ಕೊಡುಗೆಗೆ ಬಂದಿದ್ದಾರೆ. ಎಲ್ಲರೂ ತಿರುಗಿ ನೋಡುತ್ತಿದ್ದೀರಿ, ನೋಡಿ, ಈ ಕಾಲೇಜಿನಲ್ಲಿ ಮೂಲವನ್ನು ನೋಡುವ ಅವಕಾಶ ಮತ್ತೆ ಸಿಗಲಿಕ್ಕಿಲ್ಲ. ಅಣ್ಣಾ, ನೀನು ಏಳಬೇಡ, ಮಂಡಿ ನೋವು. ನಿಂತವರ ಬಗ್ಗೆ ಬರೆಯುವವನು ಕೂತೇ ಇರಬೇಕು.

ನನ್ನ ಮೇಲೆ ದೂರು ಕೊಡಬೇಕೆನ್ನುವವರು, ತಮ್ಮ ಪ್ರಬಂಧದಿಂದ ಪುಸ್ತಕದ ಹೆಸರು ತೆಗೆಸಬೇಕೆನ್ನುವವರು, ಇನ್ನೂರ ಹನ್ನೆರಡನೆಯ ಪುಟದ ಬಗ್ಗೆ ಚರ್ಚಿಸಬೇಕೆನ್ನುವವರು ದಯವಿಟ್ಟು ನುಗ್ಗಬೇಡಿ. ಕೊನೆಯ ಸಾಲಿನ ಬಾಗಿಲ ಬಳಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲಿ. ನಮ್ಮಣ್ಣ ನೋಟ್‌ಬುಕ್ಕು ತಂದಿದ್ದಾನೆ, ನಲವತ್ತಮೂರನೆಯ ಪುಟ ಖಾಲಿಯಿದೆ. ನಮಸ್ಕಾರ.